ಬೇಡವೆಂದ ಸಹಿ

“ಈ ಸಹಿ ಹಾಕಿದವರು ನೀವೇ,” ಎಂದರು ವೇದವತಿ.

ಗುಮಾಸ್ತ ಬಸವರಾಜ ಕಾಗದವನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನ ಮೇಲೆ ಬಗ್ಗಿ ನೋಡಿದ. ಬ್ಲಾಕ್ ಆಫೀಸಿನ ಹಿಂದಿನ ಕೋಣೆಯಲ್ಲಿ ಅವರಿಬ್ಬರ ಹೊರತು ಬೇರೆ ಯಾರೂ ಇರಲಿಲ್ಲ. ಕಿಟಕಿಯಾಚೆ ಜೀಪಿನ ಚಾಲಕ ಬಾನೆಟ್ಟಿನೊಳಕ್ಕೆ ನೀರು ಹುಯ್ಯುತ್ತಿದ್ದ.

“ಮೊದಲು ಓದ್ತೀನಿ ಅಮ್ಮಾವ್ರೇ. ಆಮೇಲೆ ಬೇಕಾದ್ರೆ ಪೊಲೀಸರನ್ನ ಕರೆಸಿ.”

ಕಾಗದದಲ್ಲಿ ತಮಿಳಿನಲ್ಲಿ ಟೈಪು ಮಾಡಿದ ಮೂರೇ ಸಾಲುಗಳಿದ್ದವು. ಊಂಜಪಾಳ್ಯದ ಹೆಂಗಸರ ಮಾದರ್ ಸಂಘಕ್ಕೆ ಮಂಜೂರಾಗಿರುವ ಹೆರಿಗೆ ಕೋಣೆ ನಮಗೆ ಬೇಡ. ಕೆಲಸ ನಿಲ್ಲಿಸಿದ್ದೇವೆ. ಸಹಾಯಧನವನ್ನು ಬೇರೆ ಊರಿನ ಸಂಘಕ್ಕೆ ಕೊಡಬಹುದು. ಕೆಳಗೆ ಸಂಘದ ಅಧ್ಯಕ್ಷೆಯ ಹೆಸರು, ಶಾಯಿಯಲ್ಲಿ, ಕನ್ನಡ ಅಕ್ಷರಗಳಲ್ಲಿ: ತೊಳಸಮ್ಮ.

ಸರ್ಕಾರ ಕೊಟ್ಟ ಸಹಾಯಧನವನ್ನು ಬೇಡವೆಂದು ತಿರುಗಿಸಿದ ಸಂಘವನ್ನು ಆ ಆಫೀಸು ಅದುವರೆಗೆ ಕಂಡಿರಲಿಲ್ಲ. ಆದರೂ ಕಾಗದಕ್ಕೆ ಮೊಹರು ಬಿತ್ತು, ಕೆಲಸ ನಿಂತಿತು. ಊರ ಹೆಂಗಸರು ಖರ್ಚಿನಲ್ಲಿ ಊರು ಕೊಡಬೇಕಾದ ಅರ್ಧಕ್ಕೆಂದು ಹೊಳೆಯಿಂದ ತಲೆಯ ಮೇಲೆ ಹೊತ್ತು ತಂದ ಕಲ್ಲಿನಿಂದ ಎದ್ದ ಗೋಡೆಗಳು ಕಿಟಕಿಯ ಮಟ್ಟದಲ್ಲೇ ಉಳಿದವು. ಎರಡು ತಿಂಗಳ ನಂತರ ಸೆಲ್ಲಮ್ಮನ ಸೊಸೆ ರಾಮಾತಾಳ್, ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದ ಎತ್ತಿನ ಗಾಡಿಯಲ್ಲೇ ಸತ್ತಳು. ಮಗುವೂ ಉಳಿಯಲಿಲ್ಲ.

ಆಗ ಊರು ಎದ್ದು ಕೇಳಿತು: ಬೇಡವೆಂದು ಬರೆದವರು ಯಾರು?

ಕಾಗದವನ್ನು ಆಫೀಸಿಗೆ ತಂದುಕೊಟ್ಟವಳು ಗ್ರಾಮಸೇವಿಕೆ ವಿಜಯಕುಮಾರಿ. ಲಕೋಟೆ ಅಂಟಿಸಿತ್ತು, ಅಧ್ಯಕ್ಷೆ ತುಳಸಮ್ಮನೇ ತನ್ನ ಕೈಗೆ ಕೊಟ್ಟಳು ಎಂದು ಆ ಹುಡುಗಿ ಹೇಳಿದಳು. ತುಳಸಮ್ಮ ಇಲ್ಲವೆಂದು ತಲೆಯಾಡಿಸಿದಳು. ತುಳಸಮ್ಮನ ಮಗ ಗೋಪಾಲಕೃಷ್ಣ, ತನ್ನ ತಾಯಿಗೆ ಅಕ್ಷರವೇ ಬಾರದು, ಸಂಘದ ಪುಸ್ತಕದ ತುಂಬ ಆಕೆಯದು ಹೆಬ್ಬೆಟ್ಟೇ ಎಂದು ಪುಸ್ತಕ ತಂದು ತೋರಿಸಿದ. ವಿಜಯಕುಮಾರಿಯನ್ನು ಕೆಲಸದಿಂದ ತಡೆಹಿಡಿದರು. ಸೋಮವಾರ ವಿಚಾರಣೆ. ಅದರೊಳಗೆ ನಿಜ ಏನೆಂದು ಬರೆದುಕೊಡಲು ಜಿಲ್ಲಾ ಸಮಿತಿಯವರು ಕೊಯಮತ್ತೂರಿನಿಂದ ವೇದವತಿಯವರನ್ನು ಕಳುಹಿಸಿದ್ದರು. ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು, ಕೈಬರಹ ನೋಡಿ ಬರೆದವರು ಯಾರೆಂದು ಹೇಳುತ್ತಾರೆ ಎಂಬ ಮಾತಿತ್ತು. ಇಂದು ಶುಕ್ರವಾರ.

“ನಿಮ್ಮ ಲೆಕ್ಕ ಹೇಗೆ ಬಂತು, ಕೇಳಬಹುದಾ?” ಎಂದ ಬಸವರಾಜ.

“ಊಂಜಪಾಳ್ಯದಲ್ಲಿ ನಲವತ್ತು ಮನೆ. ಎಲ್ಲರೂ ಮನೇಲಿ ಕನ್ನಡಾನೇ ಮಾತಾಡ್ತಾರೆ. ಒಬ್ಬರಿಗೂ ಕನ್ನಡ ಓದಕ್ಕೆ ಬರಲ್ಲ. ಪಳ್ಳಿಕೂಡಕ್ಕೆ ಹೋದವರು ತಮಿಳಲ್ಲಿ ಸಹಿ ಹಾಕ್ತಾರೆ, ಹೋಗದೇ ಇದ್ದವರು ಹೆಬ್ಬೆಟ್ಟು. ನಮ್ಮ ಮನೆಯಲ್ಲೇ ನೋಡಿ, ನಮ್ಮಪ್ಪ ಹಟ ಹಿಡಿದು ಕಲಿಸಿದ್ರು ಅಂತ ನಂಗೆ ಬರತ್ತೆ, ನನ್ನ ತಮ್ಮಂದಿರಿಗೆ ಬರಲ್ಲ. ಕನ್ನಡ ಆಡೋವಳು ಕನ್ನಡದಲ್ಲೇ ಸಹಿ ಹಾಕ್ತಾಳೆ ಅಂತ ಅಂದುಕೊಳ್ಳೋದು ಹೊರಗಿನವರು ಮಾತ್ರ.”

“ಆ ಹೊರಗಿನವನು ನಾನು.”

“ಈ ಆಫೀಸಲ್ಲಿ ಕನ್ನಡ ಬರೆಯೋರು ನೀವೊಬ್ಬರೇ. ವಿಜಯಕುಮಾರಿಗೆ ಒಂದಕ್ಷರ ಗೊತ್ತಿಲ್ಲ. ಹೆರಿಗೆ ಕೋಣೆ ಏಳ್ತಿರೋ ರಸ್ತೆ ಪಕ್ಕದ ಜಾಗ ತನ್ನ ಹತ್ತಿ ಗೋಡೌನಿಗೆ ಬೇಕು ಅಂತ ಸಾಹುಕಾರ ಮಯಿಲ್‌ಸಾಮಿ ಮುದಲಾಳಿ ಇಲ್ಲಿಗೆ ನಾಲ್ಕು ಸಲ ಬಂದಿದ್ದಾರೆ. ನಾಲ್ಕು ಸಲವೂ ಕೂತದ್ದು ನಿಮ್ಮ ಮೇಜಿನ ಮುಂದೆ.”

ಬಸವರಾಜ ಕೊಳ್ಳೇಗಾಲದವನು. ಆ ತಾಲ್ಲೂಕು ಇದೇ ಜಿಲ್ಲೆಗೆ ಸೇರಿದ್ದಾಗ ಇಲ್ಲಿಗೆ ವರ್ಗವಾಗಿ ಬಂದ. ಒಂದೂವರೆ ವರ್ಷದ ಹಿಂದೆ ಅದು ಮೈಸೂರಿಗೆ ಸೇರಿಹೋದಾಗ ಹಿಂತಿರುಗದೆ ಇಲ್ಲೇ ಉಳಿದುಬಿಟ್ಟ. ಯಾಕೆ ಉಳಿದನೆಂದು ಯಾರೂ ಕೇಳಿರಲಿಲ್ಲ.

ಅವನು ತನ್ನ ಜೇಬಿನಿಂದ ಪೆನ್ನು ತೆಗೆದ. ಹಳೆಯ ಸುತ್ತೋಲೆಯೊಂದರ ಬೆನ್ನ ಮೇಲೆ ತುಳಸಮ್ಮ ಎಂದು ಬರೆದ. ಪೆನ್ನು ಒಮ್ಮೆಯೂ ಕಾಗದ ಬಿಟ್ಟು ಮೇಲೇಳಲಿಲ್ಲ.

“ಮುದಲಾಳಿ ಬಂದಿದ್ದು ನಿಜ. ಅರ್ಜಿ ತಗೊಂಡೆ, ಆಗಲ್ಲ ಅಂತ ಬರೆದು ಕಳಿಸ್ದೆ. ಫೈಲಿದೆ, ನೋಡಿ. ಆದರೆ ಈ ಸಹಿ ನೋಡಿ ಅಮ್ಮಾವ್ರೇ. ಗುಮಾಸ್ತನ ಕೈ ಓಡುತ್ತೆ. ಈ ಕೈ ಅಕ್ಷರ ಅಕ್ಷರಕ್ಕೂ ನಿಂತಿದೆ. ನಿಂತ ಕಡೆಯೆಲ್ಲ ಶಾಯಿ ಚುಕ್ಕೆ. ತಲೆಕಟ್ಟೆಲ್ಲ ಕೊನೇಲಿ ಇಟ್ಟಿರೋದು, ಮನೆ ಕಟ್ಟಿ ಆಮೇಲೆ ಹೆಂಚು ಹೊದಿಸಿದ ಹಾಗೆ.”

ವೇದವತಿಯವರು ಕನ್ನಡಕ ಸರಿಮಾಡಿಕೊಂಡರು. ಅದನ್ನು ಅವರೂ ಕಂಡಿದ್ದರು. ಬೇಕೆಂದೇ ಕೈ ಮರೆಸಿ ಬರೆದದ್ದು ಎಂದು ಪಕ್ಕಕ್ಕೆ ತಳ್ಳಿದ್ದರು.

“ಇನ್ನೊಂದು,” ಎಂದ ಬಸವರಾಜ. “ತೊಳಸಮ್ಮ ಅಂತಿದೆ. ನೀವು ಕಾಗುಣಿತದ ತಪ್ಪು ಅಂದ್ಕೊಂಡ್ರಿ. ನಮ್ ಕಡೆ ಹಳ್ಳೀಲಿ ತುಳಸಿ ಅನ್ನಲ್ಲ, ತೊಳಸಿ ಅಂತಾರೆ. ನಮ್ಮಜ್ಜಿ ಹಾಗೇ ಅನ್ನೋಳು. ಇಸ್ಕೂಲಿಗೆ ಹೋದ ನನ್ನಂಥೋನು ತಿದ್ದಿಕೊಂಡು ಬರೀತಾನೆ. ಬಾಯಲ್ಲಿ ಬಂದದ್ದನ್ನೇ ಬರೆದೋರು ಇಸ್ಕೂಲು ಕಂಡಿಲ್ಲ. ಇದು ಯಾರೋ ನಮ್ಮ ಸೀಮೆಯ ಮುದುಕಿ ಕೈ.”

ವೇದವತಿಯವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು. ಅಷ್ಟು ವರ್ಷ ಮಕ್ಕಳ ಸ್ಲೇಟು ನೋಡಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಒಳಗೇ ನಾಚಿಕೆಯಾಯಿತು. ಹೊರಗೆ ತೋರಗೊಡಲಿಲ್ಲ.

“ಅಪವಾದ ಹೊರಿಸಿದೆ. ಮನಸ್ಸಿಗೆ ತಗೋಬೇಡಿ,” ಎಂದು ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡರು.

“ಕೆಲಸ ನಿಂತ್ರೆ ಮಾರ್ಚಿ ಕೊನೇಗೆ ಸಹಾಯಧನ ಹಿಂದಕ್ಕೆ ಹೋಗುತ್ತೆ ಅಮ್ಮಾವ್ರೇ. ಇನ್ನು ಐದು ವಾರ. ಅದನ್ನ ಮಾತ್ರ ನೆನಪಿಡಿ,” ಎಂದ ಬಸವರಾಜ.

ಜೀಪು ಮಡತ್ತುಕುಳಂ ದಾಟುವವರೆಗೆ ವೇದವತಿಯವರು ವಿಜಯಕುಮಾರಿಯ ದಿನಚರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದಿದರು. ಹುಡುಗಿ ಚೊಕ್ಕವಾಗಿ ಬರೆದಿದ್ದಳು. ಯಾವ ದಿನ ಯಾವ ಊರು, ಎಷ್ಟು ಹೆಂಗಸರು ಬಂದರು, ಯಾರ ಮಗುವಿಗೆ ಕಜ್ಜಿ, ಎಲ್ಲವೂ ಇತ್ತು.

ನವೆಂಬರ್ ಹನ್ನೊಂದರ ಪುಟದಲ್ಲಿ ಅವರ ಬೆರಳು ನಿಂತಿತು. ‘ಊಂಜಪಾಳ್ಯ. ಸೂಲಗಿತ್ತಿ ಅಲ್ಲೇ ಉಳಿಯುವಂತೆ ಒಂದು ಕೋಣೆ ಸೇರಿಸಬೇಕೆಂದು ಮೇಲಿನಿಂದ ಆಜ್ಞೆ. ತೆಂಕಣ ಮೂಲೆಯಲ್ಲಿ ಗುರುತು ಹಾಕಿದೆ. ಎಲ್ಲರಿಗೂ ಸಂತೋಷ.’

ಬೇಡವೆಂಬ ಕಾಗದದ ತಾರೀಖು ನವೆಂಬರ್ ಹದಿಮೂರು.

ಏಳು ತಿಂಗಳು ಕಲ್ಲು ಹೊತ್ತಾಗ ಯಾರಿಗೂ ಬೇಡವಾಗದ ಕಟ್ಟಡ, ತೆಂಕಣ ಮೂಲೆಯಲ್ಲಿ ಗೂಟ ಬಡಿದ ಎರಡೇ ದಿನಕ್ಕೆ ಬೇಡವಾಗಿತ್ತು. ಕೋಣೆಯ ಮೇಲೆ ಯಾರಿಗೂ ಹಗೆಯಿರಲಿಲ್ಲ. ಆ ಮೂಲೆಯ ಮೇಲೆ ಯಾರಿಗೋ ಏನೋ ಇತ್ತು.

ಊಂಜಪಾಳ್ಯದಲ್ಲಿ ಇಳಿದವರೇ ಅವರು ನೇರವಾಗಿ ಅರ್ಧ ಎದ್ದ ಗೋಡೆಯ ಬಳಿಗೆ ಹೋದರು. ಅದು ತುಳಸಮ್ಮನ ಹೊಲದ ಅಂಚು. ಜಾಗ ದಾನ ಕೊಟ್ಟವಳು ಅವಳೇ. ಹೊಲದ ಆಚೆ ಬದಿಯಲ್ಲಿ ಅವಳ ಮನೆ. ಸೆಲ್ಲಮ್ಮ ಮತ್ತು ಏಳೆಂಟು ಹೆಂಗಸರು ಹತ್ತಿ ಬಿಡಿಸುವುದನ್ನು ಬಿಟ್ಟು ಬಂದು ಸುತ್ತ ನಿಂತರು.

“ಯಾರು ಬರೆದ್ರು ಅಂತ ಗೊತ್ತಾಯ್ತಾ ಅಮ್ಮಾ?” ಎಂದಳು ಸೆಲ್ಲಮ್ಮ. ಸೊಸೆ ಸತ್ತಂದಿನಿಂದ ಅವಳು ಯಾರನ್ನು ಕಂಡರೂ ಅದೊಂದನ್ನೇ ಕೇಳುತ್ತಿದ್ದಳು.

“ಇನ್ನೂ ಇಲ್ಲ ಸೆಲ್ಲಮ್ಮ. ಆದ್ರೆ ಕಾಗದ ನಿಮ್ಮ ಸಂಘದ್ದಲ್ಲ ಅಂತ ಆದ್ಮೇಲೆ ಕೆಲಸ ಯಾಕೆ ನಿಲ್ಲಬೇಕು? ಹಾರೆ ತನ್ನಿ. ತೆಂಕಣ ಮೂಲೆ ಅಗೀರಿ.”

“ಈಗ್ಲೇನಾ?”

“ಈಗ್ಲೇ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸೆಲ್ಲಮ್ಮನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ತರಲು ಹೋದಳು. ಸುದ್ದಿ ಕೇಳಿ ಗೋಪಾಲಕೃಷ್ಣನೂ ಬಂದ. ಇಪ್ಪತ್ತಮೂರರ ಗಟ್ಟಿ ಆಳು, ಮಾತು ಕಡಿಮೆ. ಸೆಲ್ಲಮ್ಮನ ಕೈಯಿಂದ ಹಾರೆ ತೆಗೆದುಕೊಂಡು ತಾನೇ ಮೊದಲ ಏಟು ಹಾಕಿದ.

ವೇದವತಿಯವರು ಬೇವಿನ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ರಸ್ತೆಯನ್ನು ನೋಡತೊಡಗಿದರು. ಕಟ್ಟಡ ಬೇಡವೆಂದವರಿಗೆ ಹಾರೆಯ ಸದ್ದು ಮುಟ್ಟಲೇಬೇಕು. ಮುಟ್ಟಿದರೆ ಬರಲೇಬೇಕು.

ಅರ್ಧ ಗಂಟೆಗೆ ಮಯಿಲ್‌ಸಾಮಿಯ ಕರಿ ಕಾರು ಧೂಳೆಬ್ಬಿಸಿಕೊಂಡು ಬಂತು. ಗೋಡೆಯ ಹತ್ತಿರ ನಿಧಾನವಾಯಿತು. ಮುದಲಾಳಿ ಕಿಟಕಿಯಿಂದ ಅಗೆಯುವವರನ್ನು ನೋಡಿದರು. ವೇದವತಿಯವರನ್ನು ಕಂಡು ಕೈ ಮುಗಿದರು. ಕಾರು ನಿಲ್ಲದೆ ಮುಂದೆ ಹೋಯಿತು.

ಇದು ಮುದಲಾಳಿಯ ಕೆಲಸವಿರಬೇಕೆಂದು ವೇದವತಿಯವರು ಕಟ್ಟಿಕೊಂಡಿದ್ದ ಎರಡನೆಯ ಲೆಕ್ಕವೂ ಆ ಧೂಳಿನ ಜೊತೆ ಹೋಯಿತು.

ಆಗ ತುಳಸಮ್ಮನ ಮನೆಯ ಜಗಲಿಯಿಂದ ಯಾರೋ ಕೈ ಬೀಸಿ ಕರೆಯುವುದು ಕಾಣಿಸಿತು. ತುಳಸಮ್ಮನೇ. ಇಷ್ಟು ದಿನ ಏನು ಕೇಳಿದರೂ ತಲೆಯಾಡಿಸಿ ಮಗನ ಕಡೆ ಕೈ ತೋರುತ್ತಿದ್ದವಳು.

ಒಳಗೆ ತಂಪಾಗಿತ್ತು. ತುಳಸಮ್ಮ ಚಾಪೆ ಹಾಸಿ ಒಂದು ಚೊಂಬು ಮಜ್ಜಿಗೆ ಇಟ್ಟಿದ್ದಳು. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ನೆತ್ತಿಯ ತನಕ ಸೆರಗು.

“ಅಗೆಯೋದು ನಿಲ್ಸಕ್ಕೆ ಹೇಳಿ ಅಮ್ಮಾ.”

“ಯಾಕೆ?”

“ಆ ಮೂಲೆ ಬೇಡ. ಬೇರೆ ಎಲ್ಲಿ ಬೇಕಾನಾ ಕಟ್ಲಿ. ಇನ್ನೊಂದು ತುಂಡು ಜಾಗ ಕೊಡ್ತೀನಿ. ಮನೆ ಮುಂದಲ ಕಣಾನೇ ತಗೊಳ್ಳಿ.”

“ಈ ಮಾತನ್ನ ನವೆಂಬರಲ್ಲೇ ವಿಜಯಕುಮಾರಿಗೆ ಹೇಳಿದ್ದಿದ್ರೆ ಆಗ್ತಿತ್ತಲ್ಲ.”

“ಕೇಳ್ದೆ. ಮೂಲೆ ಬದಲಾಯ್ಸು ಮಗಳೇ ಅಂದೆ. ನಕ್ಷೆ ಮೇಲಿನೋರ್ಗೆ ಹೋಗ್ಬುಟ್ಟಿದೆ, ಬದಲಾಯ್ಸಕ್ಕೆ ಮುಡಿಯಾದು, ಆಗಲ್ಲ ಅಂದಳು. ಅವಳ ತಪ್ಪಿಲ್ಲ.”

ವೇದವತಿಯವರು ಚೀಲದಿಂದ ಕಾಗದ ತೆಗೆದು ಚಾಪೆಯ ಮೇಲಿಟ್ಟರು. ಅದರ ಪಕ್ಕದಲ್ಲಿ ಒಂದು ಪೆನ್ಸಿಲ್ಲು.

“ಸಹಿ ಮಾಡಿ ನೋಡೋಣ.”

ಇಲ್ಲವೆಂದು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಮಗನ ಸಾಕ್ಷಿಯಿತ್ತು, ಸಂಘದ ಪುಸ್ತಕದ ಹೆಬ್ಬೆಟ್ಟುಗಳಿದ್ದವು. ತುಳಸಮ್ಮ ಪೆನ್ಸಿಲ್ಲು ತೆಗೆದುಕೊಂಡಳು. ಚಾಪೆಯ ಮೇಲೆ ಬಾಗಿ, ಉಸಿರು ಹಿಡಿದು, ಒಂದೊಂದೇ ಅಕ್ಷರ ಬರೆದಳು. ಬರೆದು ಮುಗಿಸಿ ಮೊದಲಿನಿಂದ ಒಂದೊಂದಕ್ಕೂ ತಲೆಕಟ್ಟು ಇಟ್ಟಳು.

ತೊಳಸಮ್ಮ.

“ಇದೊಂದೇ ನಂಗೆ ಬರೋದು,” ಎಂದಳು. “ಇನ್ನೊಂದಕ್ಷರ ಕೇಳಿದ್ರೆ ತೆರಿಯಾದು. ಮೇಲಿನ ಮೂರು ಸಾಲು ಪಟ್ಟಣದಲ್ಲಿ ಟೈಪು ಮಾಡೋನ ಕೈಲಿ ಹೊಡೆಸ್ದೆ.”

“ರಾಮಾತಾಳ್ ಸತ್ತ ದಿನ ಎಲ್ಲಿದ್ರಿ?”

“ಗಾಡಿ ಹಿಂದೆ ಓಡ್ದೆ. ಹೊಳೆ ದಾಟೋಗಂಟ.” ತುಳಸಮ್ಮ ಕಾಗದದಿಂದ ಕಣ್ಣು ತೆಗೆಯಲಿಲ್ಲ. “ನಾನು ಕೊಂದ ಹಂಗೇ ಅಲ್ವಾ ಅಮ್ಮಾ. ದಿನಾ ಸೆಲ್ಲಮ್ಮ ಬಂದು ಇದೇ ಜಗಲೀಲಿ ಕೂತು ಅಳ್ತಾಳೆ. ಯಾರು ಬರೆದ್ರು ಅಂತ ನನ್ನನ್ನೇ ಕೇಳ್ತಾಳೆ.”

“ಮತ್ತೆ ಆ ಹುಡುಗಿ ಮೇಲೆ ಅಪವಾದ ಬಂದಾಗ ಯಾಕೆ ಬಾಯಿ ಬಿಡಲಿಲ್ಲ? ಸೋಮವಾರ ಅವಳ ಕೆಲಸ ಹೋಗತ್ತೆ. ಜೈಲಿಗೂ ಹೋಗಬಹುದು.”

ಹೊರಗೆ ಹಾರೆ ನೆಲಕ್ಕೆ ಬೀಳುತ್ತಿತ್ತು. ತುಳಸಮ್ಮ ಪ್ರತಿ ಏಟಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

“ವಸಿ ತಡೀರಿ. ಹೇಳ್ತೀನಿ ಕನವ್ವ.”

ವೇದವತಿಯವರ ಕಿವಿ ನೆಟ್ಟಗಾಯಿತು. ಈ ಊರಿನವರು ಕೊಂಚ ಅನ್ನುತ್ತಾರೆ. ವಸಿ ಎನ್ನುವವರು ಯಾರೂ ಇಲ್ಲ. ಇಷ್ಟು ಹೊತ್ತು ಊರಿನ ಮಾತಿನಲ್ಲಿ ಆಡುತ್ತಿದ್ದವಳ ನಾಲಿಗೆ ತಟ್ಟನೆ ಬೇರೆ ಸೀಮೆಗೆ ಹೊರಳಿತ್ತು.

“ನೀವು ಕೊಳ್ಳೇಗಾಲದ ಕಡೆಯವರು.”

“ಅಲ್ಲೇಯ, ಬೆಟ್ಟದ ತಪ್ಪಲು. ನಾನು, ನಮ್ಮಕ್ಕ, ಇಬ್ರೇ ಮಕ್ಕಳು. ನಂಗೆ ಎಂಟು ವರ್ಸಕ್ಕೆ ಮದುವೆ, ಹತ್ತಕ್ಕೆ ಗಂಡ ಹೋದ. ನಮ್ ಕುಲದಲ್ಲಿ ಇನ್ನೊಂದು ತಾಳಿ ಇಲ್ಲ. ಅಕ್ಕ ನನ್ನ ಬುಡಲಿಲ್ಲ, ಜತೇಲೇ ಇಟ್ಕಂಡ್ಳು. ಭಾವ ಇಲ್ಲಿ ಭೂಮಿ ತಕ್ಕಂಡು ಬಂದಾಗ ನನ್ನೂ ಗಾಡೀಲಿ ಕೂರಿಸ್ಕಂಡ್ಳು. ಆಗ ಅವಳು ದಿನ ತುಂಬಿದ ಬಸುರಿ.”

ಮಜ್ಜಿಗೆಯ ಚೊಂಬಿನ ಮೇಲೆ ನೊಣ ಕೂತಿತು. ಯಾರೂ ಓಡಿಸಲಿಲ್ಲ.

“ಬಂದ ಐದ್ನೇ ದಿನ ನೋವು ಶುರುವಾಯ್ತು. ಸುತ್ತ ಒಂದು ಮನೆ ಇರಲಿಲ್ಲ ಆಗ, ಬರೀ ಜಾಲಿ. ಸೂಲಗಿತ್ತಿ ಯಾರು ಅಂತ ಯಾರ್ನ ಕೇಳೋದು? ನಂಗೇನು ತಿಳೀತಿತ್ತು? ಮಗ ಬಂದ. ಅಕ್ಕ ಮಧ್ಯಾನದ ಹೊತ್ತಿಗೆ ಹೋದ್ಳು. ಆ ಮೂಲೇಲಿ, ಗುಡಿಸಿಲು ಇತ್ತು ಆಗ, ಅದರೊಳಗೇಯ.”

“ನಿಮ್ಮಕ್ಕನ ಹೆಸರು…”

“ತೊಳಸಿ. ಮಣ್ಣಲ್ಲಿ ಬರೀತಿದ್ಳು ತನ್ನ ಹೆಸ್ರ. ನಾನು ನೋಡಿ ನೋಡಿ ಕಲ್ತೆ. ನನ್ನ ಹೆಸರು ಬರೆಯೋದು ಕಲಿಸೋ ಹೊತ್ಗೆ ಮದುವೆ ಆಗೋಯ್ತು. ನನ್ನ ಹೆಸರು ಮಾದಮ್ಮ. ಇಪ್ಪತ್ಮೂರು ವರ್ಸ ಆಯ್ತು, ಆ ಹೆಸರ್ನ ಬಾಯಲ್ಲಿ ಅಂದು.”

ಮುಂದಿನದನ್ನು ವೇದವತಿಯವರು ಅರ್ಧ ಊಹಿಸಿದರು. ಆದರೂ ಕೇಳಬೇಕಿತ್ತು.

“ಭಾವ ಅಂದ್ರು: ಗಂಡ ಸತ್ತೋಳು ನನ್ನ ಮನೇಲಿದ್ರೆ ಹೊಸ ಊರು ಏನಂದೀತು, ಮಗೀಗೆ ತಾಯಿ ಬೇಕು, ನೀನೇ ತೊಳಸಿ ಆಗು. ನಮ್ಮನ್ನ ಯಾರೂ ಕಂಡಿರಲಿಲ್ಲ. ಹೂಂ ಅಂದೆ. ಅವ್ರು ಅಗೆದ್ರು, ನಾನು ಮಲಗ್ಸಿದೆ. ಏಳು ವರ್ಸದ ಹಿಂದೆ ಅವ್ರೂ ಹೋದ್ರು. ಕೊನೇ ಗಂಟ ನನ್ನ ನಾದಿನಿ ಅಂತಲೇ ಮರ್ಯಾದೆ ಕೊಟ್ರು, ಅದನ್ನ ಬೇಕಾರೆ ದೇವರ ಮುಂದೆ ಹೇಳ್ತೀನಿ.”

“ಗೋಪಾಲಕೃಷ್ಣನಿಗೆ?”

“ಗೊತ್ತಿಲ್ಲ. ಗೊತ್ತಾಗಬಾರ್ದು ಅಂತಲೇ ಇಷ್ಟೂ.” ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. “ಹೆರಿಗೆ ಕೋಣೆ ಅಂತ ಬಂದಾಗ ಮೊದಲು ಜಾಗ ಕೊಟ್ಟೋಳು ನಾನು. ಅವಳು ಹೋದ ಜಾಗದ ಪಕ್ಕ ಇನ್ನೊಬ್ಬಳು ಹೋಗಬಾರ್ದು ಅಂತ. ಆ ಮೂಲೆಗೇ ಗೂಟ ಬಡೀತಾರೆ ಅಂತ ಯಾರು ಕಂಡಿದ್ರು?”

“ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿದವರು ಈ ಕಾಗದಕ್ಕೆ ಮಾತ್ರ ಯಾಕೆ ಸಹಿ ಹಾಕಿದ್ರಿ?”

ಅವಳು ತಾನು ಬರೆದ ಹೆಸರಿನ ಮೇಲೆ ಬೆರಳಿಟ್ಟಳು.

“ಅದು ಅವಳ ಜಾಗ. ಬೇಡ ಅನ್ನೋದಾದ್ರೆ ಅವಳ ಹೆಸರಲ್ಲೇ ಅನ್ಬೇಕು ಅನ್ನಿಸ್ತು.”

ವೇದವತಿಯವರು ಎದ್ದು ನಿಂತರು. ಸೋಮವಾರಕ್ಕೆ ಬರೆಯಬೇಕಾದ ವರದಿ ಅವರ ಕಣ್ಣ ಮುಂದೆಯೇ ಇತ್ತು. ವಿಜಯಕುಮಾರಿಯನ್ನು ಬಿಡಿಸಬೇಕಾದರೆ ಈ ಹೆಂಗಸಿನ ಹೆಸರು ಬರೆಯಬೇಕು. ಯಾವ ಹೆಸರು ಬರೆಯುವುದು? ಆದರೆ ಅದಕ್ಕಿಂತ ಮೊದಲು ಅಗೆಯುವುದನ್ನು ನಿಲ್ಲಿಸಬೇಕು. ಅಗೆಯಲು ಹೇಳಿದವರು ತಾವೇ. ಹಾರೆ ಹಿಡಿದಿರುವವನು ಅವಳ ಮಗ.

ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಬೆಳಕಿಗೆ ಅಡ್ಡವಾಗಿ ಗೋಪಾಲಕೃಷ್ಣ ಬಂದು ನಿಂತ. ಮೊಣಕೈ ತನಕ ಕೆಂಪು ಮಣ್ಣು.

“ಅಮ್ಮಾ, ನೀವು ಕೊಂಚ ಬರಬೇಕು.” ಮಾತು ವೇದವತಿಯವರಿಗೆ, ಕಣ್ಣು ತಾಯಿಯ ಮೇಲೆ. “ಎಲುಬು ಸಿಕ್ಕಿದೆ. ಮನುಷ್ಯರದು.”

“ಯಾರೂ ಮುಟ್ಟಬೇಡಿ ತಂಬಿ. ಹಳೇದಿರತ್ತೆ. ನಾನು ಬಂದು ನೋಡ್ತೀನಿ,” ಎಂದರು ವೇದವತಿ. ಇದಕ್ಕೆ ಅವರು ತಯಾರಾಗಿದ್ದರು. ಧ್ವನಿ ಸ್ಥಿರವಾಗಿಯೇ ಬಂತು.

“ನಾವು ಮುಟ್ಟಲಿಲ್ಲ. ಮಣ್ಣು ಸರಿಸಿದ್ವಿ ಅಷ್ಟೇ. ಪಕ್ಕ ಪಕ್ಕದಲ್ಲೇ ಇದಾವೆ ಅಮ್ಮಾ, ಎರಡು ತಲೆ. ಎರಡೂ ದೊಡ್ಡವರದ್ದು. ಒಂದಕ್ಕೆ ಹಿಂದುಗಡೆ ಒಡೆದಿದೆ.”

ವೇದವತಿಯವರು ತಿರುಗಿ ನೋಡಿದರು.

ಚಾಪೆಯ ಮೇಲಿದ್ದ ಹೆಂಗಸು ಗೋಡೆ ಹಿಡಿದು ಎದ್ದಿದ್ದಳು. ಇಷ್ಟು ಹೊತ್ತು ಆ ಮುಖದಲ್ಲಿ ಹೆದರಿಕೆಯಿತ್ತು, ದುಃಖವಿತ್ತು. ಈಗ ಎರಡೂ ಇರಲಿಲ್ಲ. ಮಗ ಎದುರಿಗಿದ್ದಾನೆ ಎಂಬುದೂ ಅವಳಿಗೆ ಮರೆತುಹೋಗಿತ್ತು.

“ಎರಡಾ?” ಎಂದಳು ಮಾದಮ್ಮ. “ಭಾವ ತೋಡಿದ ಗುಂಡೀಲಿ ನಾನು ಮಲಗ್ಸಿದ್ದು ನಮ್ಮಕ್ಕನ್ನ ಒಬ್ಬಳ್ನೇಯ.”